ಬಲಕ್ಕೆ ತಲೆ ಹಾಕಿದ ಮೀನು

ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ನೇ ತಾರೀಖು ಕೋಬೋ ಸಂತೆ ನೆರೆಯುತ್ತದೆ. ಹಳೆಯ ಕಿಮೊನೊ, ಬಿರುಕು ಬಿಟ್ಟ ಪಿಂಗಾಣಿ, ಉಪ್ಪಿನಕಾಯಿ, ಹೂಗಿಡ, ಏನುಂಟು ಏನಿಲ್ಲ. ನಾನು ಹೋಗಿದ್ದು ಮಾತ್ರ ಮರದ ಅಚ್ಚು ಹುಡುಕಿಕೊಂಡು. ಜಪಾನಿನ ಸಾಂಪ್ರದಾಯಿಕ ಸಿಹಿತಿನಿಸುಗಳಿಗೆಲ್ಲ ‘ವಾಗಾಶಿ’ ಎಂದು ಹೆಸರು. ಅವುಗಳಲ್ಲಿ ಒಣ ಬಗೆಯವು ‘ಹಿಗಾಶಿ’. ಅದನ್ನು ಒತ್ತುವ ಅಚ್ಚೇ ‘ಕಿಗಾತಾ’.

ನೆಲದ ಮೇಲೆ ಹರಡಿದ್ದ ಹತ್ತಾರು ಅಚ್ಚುಗಳ ನಡುವೆ ಗೇಣುದ್ದದ ಒಂದು ಮೀನು ಕಣ್ಣಿಗೆ ಬಿತ್ತು. ‘ತಾಯ್’ ಮೀನು. ಶುಭ ಎನ್ನುವುದಕ್ಕೆ ಜಪಾನಿಗರು ‘ಮೆದೆತಾಯ್’ ಎನ್ನುತ್ತಾರೆ. ಆ ಮಾತಿನ ಬಾಲಕ್ಕೆ ಈ ಮೀನಿನ ಹೆಸರು ಅಂಟಿಕೊಂಡಿರುವುದರಿಂದ ಮದುವೆಮನೆಗೆ ಇದೇ ಬೇಕು. ಸಾವಿನ ಮನೆಗಾದರೆ ತಾವರೆಯ ಅಚ್ಚು.

ಕೈಗೆತ್ತಿಕೊಂಡು ನೋಡಿದರೆ ಮೀನಿನ ತಲೆ ಬಲಕ್ಕಿತ್ತು. ಅಲ್ಲಿ ಇಡೀ ಮೀನು ಬಡಿಸುವಾಗ ತಲೆ ಎಡಕ್ಕಿರಬೇಕೆಂಬ ಕಟ್ಟಳೆ. ಹಾಗಾಗಿ ಅಚ್ಚಿನಲ್ಲಿ ಬಲಕ್ಕೆ. ಕೆತ್ತುವವನ ಪಾಲಿಗೆ ಎಲ್ಲವೂ ತಿರುಗುಮುರುಗು: ಎಡ ಬಲವಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಹೊಟ್ಟೆ ತುಂಬಿ ಕಾಣಬೇಕಾದರೆ ಅಲ್ಲಿ ಉಳಿ ಆಳಕ್ಕಿಳಿಯಬೇಕು. ಗೋಡೆಗಳು ತುಸು ಹೊರಕ್ಕೆ ವಾಲಿರಬೇಕು, ಇಲ್ಲವಾದರೆ ತಿನಿಸು ಅಚ್ಚು ಬಿಡುವುದಿಲ್ಲ. ಇದಕ್ಕೆ ಬೇಕಾದದ್ದು ಕಾಡು ಚೆರ್ರಿಯ ಗಟ್ಟಿ ಮರ, ಅದೂ ಸೊಟ್ಟಗಾಗದಂತೆ ವರ್ಷಗಟ್ಟಲೆ ಒಣಗಿಸಿದ್ದು. ನನ್ನ ಮೀನಿನ ಒಂದೊಂದು ಹುರುಪೆಯೂ ಉಗುರಿಗೆ ಬೇರೆಬೇರೆಯಾಗಿ ತಾಗುತ್ತಿತ್ತು.

ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗದೆ ಇರುತ್ತದೆಯೇ? ಆದರೆ ನಾವು ಹುಯ್ಯುವುದು ಪಾಕ, ಅವರು ತುಂಬುವುದು ಪುಡಿ. ಹುರಿದ ಅಕ್ಕಿಯ ಹಿಟ್ಟಿಗೆ ಸಕ್ಕರೆ ಬೆರೆಸಿ, ಬೆರಳಲ್ಲಿ ಉಜ್ಜುತ್ತ ನೀರು ತೋರಿಸುತ್ತಾರೆ. ತಂಬಿಟ್ಟಿನಷ್ಟೂ ತೇವ ಇರಕೂಡದು. ಅಚ್ಚಿಗೆ ತುಂಬಿ, ಒತ್ತಿ, ಮಟ್ಟ ಮಾಡಿ, ಮೇಲಿನ ಹಲಗೆ ಎತ್ತಿ, ಅಂಚಿಗೆ ಟಕ್ಕೆಂದು ಒಂದು ಪೆಟ್ಟು. ಮೀನು ಮಗುಚಿ ಬೀಳುತ್ತದೆ. ಇದು ‘ರಾಕುಗಾನ್’. ತೆಳುವಾಗಿ ಕದಡಿದ ಮಚ್ಚಾ ಚಹಾದ ಜೊತೆಗೆ ಇಂಥ ಒಣ ಸಿಹಿ. ಗಟ್ಟಿ ಚಹಾಕ್ಕಾದರೆ ಹೂರಣದ ಹಸಿ ತಿನಿಸು.

ಒಳ್ಳೆಯ ಹಿಗಾಶಿಗೆ ಸಕ್ಕರೆಯೂ ಬೇರೆ. ‘ವಾಸಾನ್‌ಬೊನ್’. ಒಂದು ಕಾಲಕ್ಕೆ ಸಕ್ಕರೆ ನಾಗಸಾಕಿಯ ಬಂದರಿಗೆ ಹಡಗಿನಲ್ಲಿ ಬರಬೇಕಿತ್ತು. 18ನೇ ಶತಮಾನದಲ್ಲಿ ಶೋಗನ್ ಯೋಶಿಮುನೆ ಕಬ್ಬು ಬೆಳೆಯಲು ಉತ್ತೇಜನ ಕೊಟ್ಟ ಮೇಲೆ ಶಿಕೊಕು ದ್ವೀಪದ ಸಾನುಕಿ, ಆವಾ ಸೀಮೆಗಳು ಇದಕ್ಕೆ ಹೆಸರಾದವು. ಕಡ್ಡಿಯಂಥ ತೆಳು ಕಬ್ಬಿನ ರಸ ಕಾಯಿಸಿ, ಕಲ್ಲು ಹೇರಿ ಕಾಕಂಬಿ ಹಿಂಡಿ, ನೀರು ಚಿಮುಕಿಸಿ ಕೈಯಲ್ಲಿ ನಾದಿ, ಮತ್ತೆ ಕಲ್ಲು ಹೇರುತ್ತಾರೆ. ತಟ್ಟೆಯ ಮೇಲೆ ಮೂರು ಸಲ ನಾದುತ್ತಿದ್ದುದರಿಂದ ಈ ಹೆಸರಂತೆ. ಕೆನೆಬಣ್ಣದ ಆ ಪುಡಿ ನಾಲಿಗೆಗೆ ಸೋಕುವಷ್ಟರಲ್ಲಿ ಇರುವುದಿಲ್ಲ.

‘ವಾಗಾಶಿ’ಯೊಳಗಿನ ‘ಕಾಶಿ’ ಎಂದರೆ ಹಿಂದೆ ಹಣ್ಣು, ಕಾಯಿ ಎಂದಷ್ಟೇ ಅರ್ಥವಿತ್ತು. ‘ವಾಗಾಶಿ’ ಎಂಬ ಪದವೇ ಪಾಶ್ಚಾತ್ಯ ಕೇಕು ಬಂದ ಮೇಲೆ ಹುಟ್ಟಿದ್ದು. 848ರಲ್ಲಿ ರೋಗರುಜಿನ ತೊಲಗಲೆಂದು ಚಕ್ರವರ್ತಿ ದೇವರಿಗೆ ಸಿಹಿ ಒಪ್ಪಿಸಿದ ಕತೆಯ ನೆನಪಿಗೆ, 1979ರಿಂದ ಜೂನ್ 16ನ್ನು ವಾಗಾಶಿ ದಿನವೆಂದು ಆಚರಿಸುತ್ತಾರೆ. ಕಾನಾಜಾವಾದಲ್ಲಿ 1625ರಲ್ಲಿ ಶುರುವಾದ ಮೊರಿಹಾಚಿ ಅಂಗಡಿ ತನ್ನ ಹಳೆಯ ಅಚ್ಚುಗಳಿಗೆಂದೇ ಸಂಗ್ರಹಾಲಯ ಮಾಡಿದೆ.

ಎಲ್ಲ ಅಚ್ಚುಗಳಿಗೂ ಆ ಭಾಗ್ಯವಿಲ್ಲ. ಮದುವೆಮನೆಯಿಂದ ಸಕ್ಕರೆ ಮೀನು ಹೊತ್ತು ತರುವವರು ಕಡಿಮೆಯಾದರು. ಪೂರ್ವಜರಿಗೆ ಎಡೆಯಿಡುವ ತಾವರೆ ಈಗ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ಬರುತ್ತದೆ. ಅಚ್ಚು ಕೆತ್ತುವವರು ಬೆರಳೆಣಿಕೆಯಷ್ಟು. ಅಂಗಡಿ ಮುಚ್ಚಿದರೆ ಅಚ್ಚು ಸಂತೆಗೆ, ಸಂತೆಯಿಂದ ಯಾವುದೋ ಕಾಫಿ ಹೋಟೆಲಿನ ಗೋಡೆಗೆ. ನನ್ನ ಮೀನಿನ ಬೆನ್ನ ಮೇಲೂ ಮಸಿಯಲ್ಲಿ ಬರೆದ ಅಕ್ಷರಗಳಿದ್ದವು. ಅಂಗಡಿಯ ಹೆಸರಂತೆ, ಮಾರುವ ಅಜ್ಜಿಗೂ ಅರ್ಧ ಮಾತ್ರ ಓದಲಿಕ್ಕಾಯಿತು.

ಗೋಡೆಗೆ ತೂಗುಹಾಕುವ ಮನಸ್ಸಾಗದೆ, ಊರಿಗೆ ಬಂದವನೇ ಬೂರಾ ಸಕ್ಕರೆ, ಅಕ್ಕಿಹಿಟ್ಟು ಕಲಸಿ ಕೂತೆ. ಒತ್ತಿದೆ, ಮಟ್ಟ ಮಾಡಿದೆ, ಅಂಚಿಗೆ ತಟ್ಟಿದೆ. ಮೂರನೆಯ ಸಲಕ್ಕೆ ಮೀನು ಬಿತ್ತು. ತಲೆ ಎಡಕ್ಕೇ ಇತ್ತು, ಹುರುಪೆಗಳೂ ಮೂಡಿದ್ದವು. ಬಾಲ ಮಾತ್ರ ಅಚ್ಚಿನೊಳಗೇ ಉಳಿದಿತ್ತು.