ಮಳೆಗಾಲ ಕಳೆದು ಬಂದ ಗಾಡಿ

ಕೊಡಗಿನ ಒಂದು ಮಳೆಗಾಲ ಪೂರ್ತಿ ಬಯಲಲ್ಲಿ ನಿಂತ ಗಾಡಿಯ ಮೇಲೆ ಏನೇನು ಬೆಳೆಯುತ್ತದೆ ಎಂಬುದು ಠಾಣೆಯ ಹಿತ್ತಲಲ್ಲಿ ಕಾಣುತ್ತದೆ. ಸೀಟಿನ ಹರಿದ ಫೋಮಿನಲ್ಲಿ ಜರಿಗಿಡ, ಟಯರಿನ ಗೀರುಗಳಲ್ಲಿ ಹಾವಸೆ, ಹೆಡ್‌ಲೈಟಿನ ಗಾಜಿನೊಳಗೆ ಅರ್ಧದವರೆಗೆ ನೀರು. ಅಪಘಾತಕ್ಕೀಡಾದ ಜೀಪು, ಮರಳು ಸಾಗಿಸಿ ಸಿಕ್ಕಿಬಿದ್ದ ಟಿಪ್ಪರು, ವಾರಸುದಾರರು ಬಾರದ ಸ್ಕೂಟರುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಕಾಲಿಟ್ಟ ಕಡೆಯೆಲ್ಲ ಜಿಗಣೆ. ಸಾಲಿನ ಕೊನೆಯಲ್ಲಿ, ಹ್ಯಾಂಡಲ್‌ಗೆ ಕಾಡುಬಳ್ಳಿ ಸುತ್ತಿಕೊಂಡಿದ್ದ ಕಪ್ಪು ಸ್ಪ್ಲೆಂಡರ್ ನಮ್ಮದು.

ನಮ್ಮದು ಎಂದು ಹೇಳಿದರೆ ಸಾಲದು, ತೋರಿಸಬೇಕು. ಕೆಎ 12 ಎಂದಿದ್ದ ಪ್ಲೇಟು ಮಾಯವಾಗಿ ಎರಡು ತೂತು ಮಾತ್ರ ಉಳಿದಿದ್ದವು. ಉಳಿದ ಗುರುತು ಚಾಸಿ ನಂಬರೊಂದೇ. ಹ್ಯಾಂಡಲ್ ಬುಡದ ಕೊಳವೆಯ ಮೇಲೆ ಕೊರೆದ ಆ 17 ಅಕ್ಷರ, ಅಂಕಿಗಳು ಕೆಸರಿನಡಿ ಮುಚ್ಚಿಹೋಗಿದ್ದವು. ಪೇದೆಯೊಬ್ಬರು ಡೀಸೆಲ್ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿ, ಮೇಲಿನ ಪುಡಿಯನ್ನು ಹೆಬ್ಬೆರಳಿನಿಂದ ಸವರಿ ತೆಗೆದರು. ತಗ್ಗಿನಲ್ಲಿ ಸುಣ್ಣ ಉಳಿದು ಮೊದಲು ಎಂಬಿಎಲ್ ಎಂಬ ಮೂರಕ್ಷರ ಬೆಳ್ಳಗೆ ಎದ್ದವು. ಆಮೇಲೆ ಒಂದೊಂದಾಗಿ ಉಳಿದವು. ಆರ್‌ಸಿ ಹಿಡಿದು ಅವರು ಗಟ್ಟಿಯಾಗಿ ಓದುತ್ತಾ ಹೋದಂತೆ ನಾನು ಮನಸ್ಸಿನಲ್ಲೇ ಮುಂದಿನ ಅಂಕಿ ಹೇಳಿಕೊಳ್ಳುತ್ತಿದ್ದೆ.

ಕಾಫಿ ಹೂವಿನ ಕಾಲದಲ್ಲಿ ಕಳುವಾದ ಗಾಡಿ ಮಳೆ ಹಿಡಿಯುವ ಮೊದಲೇ ಸಿಕ್ಕಿತ್ತು. ಮನೆಗೆ ಬಂದದ್ದು ದಸರೆ ಕಳೆದ ಮೇಲೆ. ಕಳ್ಳ ಓಡಿಸಿ ಮಾಡಿದ ಹಾನಿಗಿಂತ ನಿಂತು ನೆನೆದು ಆದ ಹಾನಿ ದೊಡ್ಡದು ಎಂಬುದನ್ನು ಬಿಚ್ಚುತ್ತಾ ಹೋದಂತೆ ಕಂಡೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಮುಚ್ಚಳಿಕೆ ಬರೆಸಿಕೊಂಡು ಬೇಗ ಬಿಡಿ ಎಂದು ಸುಪ್ರೀಂ ಕೋರ್ಟ್ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಇದಕ್ಕೆ ಗಡುವನ್ನೂ ಇಟ್ಟಿದೆ: ಮಾಲು ನ್ಯಾಯಾಲಯದ ಮುಂದೆ ಬಂದ 14 ದಿನದಲ್ಲಿ ಅದರ ವಿವರ ಬರೆಯಬೇಕು, ಫೋಟೊ ತೆಗೆಸಬೇಕು, ಅದಾದ 30 ದಿನದಲ್ಲಿ ಯಾರಿಗೆ ಕೊಡಬೇಕೆಂಬ ಆದೇಶ ಆಗಬೇಕು. ಮಳೆ ಕಡಿಮೆಯಿರುವ ಸೀಮೆಯಲ್ಲಿ ಒಂದು ತಿಂಗಳ ತಡವೆಂದರೆ ಧೂಳು. ಇಲ್ಲಿ ತುಕ್ಕು. ಗಾಡಿ ಸಿಕ್ಕಿದೆ ಎಂಬ ಫೋನು ಬಂದ ದಿನವೇ ಅರ್ಜಿ ಹಾಕಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಮುಚ್ಚಳಿಕೆಯಲ್ಲಿ ಷರತ್ತಿತ್ತು. ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು. ಹಾಗಾಗಿ ಹೊಸ ಬಣ್ಣ, ಹೊಸ ಟ್ಯಾಂಕಿನ ಆಸೆ ಮೊದಲೇ ಹೋಯಿತು. ವಿಮೆ ಬರೀ ಥರ್ಡ್ ಪಾರ್ಟಿ. ಕಳವಿಗೆ ಅದರಲ್ಲಿ ಬಿಡಿಗಾಸಿಲ್ಲ. 2009ರ ಗಾಡಿ, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಎಂದೇ ಇದೆ. ಹದಿನೈದು ವರ್ಷ ತುಂಬಿ, ಆರ್‌ಸಿಯನ್ನು ಮತ್ತೈದು ವರ್ಷಕ್ಕೆ ನವೀಕರಿಸಿದ್ದೆವು. ಕೊಯ್ಲು ಶುರುವಾಗುವುದರೊಳಗೆ ರಸ್ತೆಗಿಳಿಯಬೇಕು, ಖರ್ಚು ₹5,000 ದಾಟಬಾರದು ಎಂದುಕೊಂಡು ಗೂಡ್ಸ್ ಆಟೊದಲ್ಲಿ ತಂದು ಕಣದ ಪಕ್ಕದ ಶೆಡ್ಡಿಗೆ ಇಳಿಸಿದೆವು.

ಶೆಡ್ಡಿನಲ್ಲಿ ಸ್ಪ್ರಿಂಕ್ಲರ್ ಪಂಪಿನ ಸ್ಪ್ಯಾನರುಗಳಿದ್ದವು. ಅಕ್ಕನ ಮಗ ರಜೆಗೆ ಬಂದಿದ್ದ. ಅವನಿಗೆ ಕಿಕ್ ಹೊಡೆದು ನೋಡುವ ಆತುರ.

"ಮಾವ, ಒಂದ್ಸಲ ಒದ್ದು ನೋಡ್ಲಾ?"

"ಬೇಡ. ಮೊದಲು ನಿಲ್ಲೋದು ಸರಿಯಾಗಲಿ, ಆಮೇಲೆ ಓಡೋದು."

ಇಳಿಜಾರಿಲ್ಲದ ಅರ್ಧ ಮೈಲಿ ರಸ್ತೆ ನಮ್ಮಲ್ಲಿ ಸಿಗುವುದು ಕಷ್ಟ. ಆದ್ದರಿಂದ ಮೊದಲ ದುಡ್ಡು ಬ್ರೇಕಿಗೆ. ಹಿಂದಿನ ಚಕ್ರ ಕಳಚಿದಾಗ ಡ್ರಮ್ಮಿನೊಳಗೆ ಶೂ ತುಕ್ಕಿನಿಂದ ಕಚ್ಚಿಕೊಂಡಿತ್ತು. ಡ್ರಮ್ಮನ್ನು ಎಮರಿ ಪೇಪರಿನಿಂದ ಉಜ್ಜಿ, ಎರಡೂ ಚಕ್ರಕ್ಕೆ ಹೊಸ ಶೂ ಹಾಕಿದೆವು. ನಂತರ ಹ್ಯಾಂಡಲ್. ಬೀಗ ಹಾಕಿದ ಹ್ಯಾಂಡಲನ್ನು ಕಳ್ಳ ಒದ್ದು ತಿರುಗಿಸಿದ್ದರಿಂದ ಲಾಕಿನ ಮೊಳೆ ಒಳಗೇ ಮುರಿದಿತ್ತು. ಎಂಜಿನ್ನಿನಡಿ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ನೋಡಿದೆ. ನಡುವೆ ಎಲ್ಲೂ ಕಚ್ಚಲಿಲ್ಲ, ಬೇರಿಂಗ್ ಬಚಾವಾಗಿತ್ತು. ದೊಡ್ಡ ಖರ್ಚೊಂದು ತಪ್ಪಿದ ಸಂತೋಷಕ್ಕೆ ಆ ಸಂಜೆ ಕೆಲಸ ನಿಲ್ಲಿಸಿದೆವು.

ಮರುದಿನ ಎಂಜಿನ್ನಿನಡಿಯ ಬೋಲ್ಟ್ ಬಿಚ್ಚಿದರೆ ಹೊರಬಂದದ್ದು ಹಾಲು ಹೆಚ್ಚಾದ ಕಾಫಿಯಂಥ ದ್ರವ. ನೀರು ಸೇರಿದ ಆಯಿಲ್ಲಿನ ಲಕ್ಷಣ ಅದು. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿದ್ದರೆ ಬೇರಿಂಗುಗಳೇ ಹೋಗುತ್ತಿದ್ದವು. ಪ್ಲಗ್ ಕಳಚಿ, ಆ ತೂತಿನಿಂದ ನಾಲ್ಕು ಹನಿ ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಿಗ್ಗೆ ಕಿಕ್ಕರನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿದೆ. ಪಿಸ್ಟನ್ ಸಲೀಸಾಗಿ ಸರಿಯಿತು. ಅಗ್ಗದ ಆಯಿಲ್ ಒಮ್ಮೆ ತುಂಬಿ ತೊಳೆದು ಚೆಲ್ಲಲು, ಆಮೇಲೆ ಒಳ್ಳೆಯ ಆಯಿಲ್ 900 ಮಿ.ಲೀ. ತುಂಬಲು ಎರಡು ಡಬ್ಬಿ ತಂದಿಟ್ಟೆ.

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದಾಗ ಎರಡು ಪದರ ಸ್ಪಷ್ಟವಾಗಿ ಬೇರೆ ನಿಂತವು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಅದರ ಜೊತೆಗೇ ತಳಕ್ಕಿಳಿಯುತ್ತದೆ. ತಳದಲ್ಲಿ ಕೂತ ಆ ಪದರ ತಗಡನ್ನು ತಿನ್ನುತ್ತದೆ. ಒಳಗಿನ ತುಕ್ಕಿಗೆ ಹುಳಿ ಬೇಕು. ಅಕ್ಕ ಕಾಚಂಪುಳಿ ಬಾಟಲಿಯತ್ತ ಕೈ ತೋರಿದಳು. ತುಕ್ಕು ಅದರಿಂದಲೂ ಬಿಡಬಹುದು, ಆದರೆ ಅಷ್ಟು ಹೊತ್ತು ರಸ ಕುದಿಸಿ ಇಳಿಸಿದ್ದು ಪಂದಿಕರಿಗೆ ಸಲ್ಲಬೇಕಾದದ್ದು. ಅಂಗಡಿಯ ಬಿಳಿ ವಿನೆಗರ್ ತುಂಬಿ, ಒಂದು ಹಿಡಿ ನಟ್ಟುಗಳನ್ನು ಹಾಕಿ, ಹುಡುಗ ಟ್ಯಾಂಕನ್ನು ಎದೆಗವಚಿಕೊಂಡು ಕಣದ ತುಂಬ ಕುಲುಕುತ್ತಾ ಓಡಾಡಿದ. ಕೆಂಪು ನೀರು ಹೋಗಿ ತಿಳಿ ನೀರು ಬರುವವರೆಗೆ ತೊಳೆದು, ಬಿಸಿಲಿಗೆ ಒಣಗಿಸಿ, ತಕ್ಷಣ ಪೆಟ್ರೋಲ್ ಸವರಿದೆವು. ಒದ್ದೆ ತಗಡು ಬರಿದಾಗಿ ಕೂತರೆ ಮರುದಿನವೇ ಮತ್ತೆ ಕೆಂಪಾಗುತ್ತದೆ.

ಕಾರ್ಬುರೇಟರಿನ ಗಾಳಿಕೊಳವೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತೇ ಇಲ್ಲ. ವೈರಿನೊಳಗಿನ ತಾಮ್ರದ ಒಂದೇ ಎಳೆಯಿಂದ ಚುಚ್ಚಿ ಬಿಡಿಸಿದ್ದಾಯಿತು. ಸೂಜಿ ಹಾಕಿದರೆ ಹಿತ್ತಾಳೆಯ ತೂತು ದೊಡ್ಡದಾಗಿಬಿಡುತ್ತದೆ. ಕಳ್ಳ ಹರಿದು ಹೊಸೆದ ವೈರುಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ಬೆಸುಗೆ ಹಾಕಿದೆ. ಕ್ಲಚ್ ಕೇಬಲ್ ಹೊಸದು, ಚೈನು ಡೀಸೆಲ್ಲಿನಲ್ಲಿ ತೊಳೆದ ಹಳೆಯದೇ.

ಸೈಡ್ ಕವರು, ಕನ್ನಡಿಗೆಂದು ಗುಜರಿಗೆ ಹೋದೆ. ಅಲ್ಲಿನ ಹಿರಿಯರು ಕೇಳುವ ಮೊದಲೇ ಹೇಳಿದರು, "ಬೀಗ ಮಾತ್ರ ಹಳೇದು ತಗೋಬೇಡಿ. ಅದರ ಇನ್ನೊಂದು ಕೀ ಯಾರ ಜೇಬಲ್ಲಿದೆಯೋ."

"ಬಿಲ್ ಕೊಡ್ತೀರಾ ಕಾಕ?"

"ಬಿಲ್ ಇಲ್ಲದ್ದು ನಾನೂ ತಗೊಳ್ಳಲ್ಲ."

ಅವರ ಹತ್ತಿರವೇ ಕೊಂಡೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಕವರು ಇನ್ನೊಬ್ಬರ ಅಂಗಳದಿಂದ ಎದ್ದ ಗಾಡಿಯದ್ದಾಗಿರಬಹುದು. ಕಳೆದುಕೊಂಡವರೇ ಅದನ್ನು ಕೊಳ್ಳಬಾರದು. ಲಾಕ್‌ಸೆಟ್ ಹೊಸದೇ ತಂದೆ. ಒಂದೇ ಸಾಮಾನಿಗೆ ಕೊಟ್ಟ ಹೆಚ್ಚಿನ ದುಡ್ಡು ಅದು.

ಕಿಕ್ ಹೊಡೆಯುವ ಸರದಿ ಕೊನೆಗೂ ಹುಡುಗನಿಗೆ ಬಂತು. ಎರಡು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಎಂಜಿನ್ ಹಿಡಿಯಿತು. ತೊಳೆಯುವ ಆಯಿಲ್ ಬಿಸಿಯಾಗುವವರೆಗೆ ಓಡಿಸಿ, ಚೆಲ್ಲಿ, ಒಳ್ಳೆಯದನ್ನು ತುಂಬಿದೆವು. ಲೆಕ್ಕ ಹಾಕಿದರೆ ₹5,000ದ ಒಳಗೇ ಇದ್ದೆವು. ಹರಿದ ಸೀಟಿಗೆ ಗೊಬ್ಬರದ ಚೀಲ ಹೊದಿಸಿದೆ; ಹೊಲಿಸುವುದು ಕಾಫಿ ದುಡ್ಡು ಬಂದ ಮೇಲೆ.

ಇನ್ನು ಉಳಿದದ್ದು ಎಚ್‌ಎಸ್‌ಆರ್‌ಪಿ. ಕಳೆದುಹೋದ ಪ್ಲೇಟಿಗೆ ಬದಲಿ ಬೇಕಾದರೆ ಎಫ್‌ಐಆರ್ ಪ್ರತಿ ಇಟ್ಟು ಅರ್ಜಿ ಹಾಕಬೇಕು. ಹಾಕಿದ್ದೇನೆ. ಅದು ಬರುವ ತನಕ ಟಾರು ರಸ್ತೆಗೆ ಇಳಿಸುವುದಿಲ್ಲ ಎಂದು ಹುಡುಗನಿಗೆ ಹೇಳಿದ್ದೇನೆ. ಲೈನ್‌ಮನೆಯಿಂದ ಕಣದವರೆಗೆ, ಕಣದಿಂದ ಗೇಟಿನವರೆಗೆ ಓಡಿಸುತ್ತಾ ಅವನು ಬ್ರೇಕ್ ಹದ ಮಾಡುತ್ತಿದ್ದಾನೆ.