ಎತ್ತರದ ಗಡಿಯಾರ

ಗಿರಿಶಿಖರದಲ್ಲಿಟ್ಟ ಗಡಿಯಾರವೂ ಕಣಿವೆಯಲ್ಲಿಟ್ಟ ಗಡಿಯಾರವೂ, ಎರಡೂ ನಿರ್ದುಷ್ಟವಾಗಿದ್ದ ಪಕ್ಷದಲ್ಲಿ, ಸರಿಸಮನಾಗಿ ನಡೆಯಲೇಬೇಕೆಂಬುದು ನ್ಯೂಟನ್ನರ ಕಾಲದಿಂದ ಎರಡು ಶತಮಾನಗಳ ಪರ್ಯಂತ ವಿಜ್ಞಾನಿಗಳು ನಿಶ್ಶಂಕೆಯಿಂದ ನಂಬಿಕೊಂಡು ಬಂದ ಮಾತು. ಭಾರವಾದ ಕಾಯದ ಸಮೀಪದಲ್ಲಿ ಕಾಲವು ಮಂದಗತಿಯಿಂದ ಸಾಗುವುದೆಂದೂ, ಅದರಿಂದ ದೂರ ಸರಿದಂತೆಲ್ಲ ಚುರುಕಾಗುವುದೆಂದೂ 1907ರಲ್ಲಿ ಐನ್‌ಸ್ಟೈನರು ತರ್ಕಬಲದಿಂದಲೇ ಕಂಡುಕೊಂಡರು. ಇದು ಯಂತ್ರದ ದೋಷವಲ್ಲ. ಪರಮಾಣುವಿನ ಸ್ಪಂದನವೂ ನಮ್ಮ ಎದೆಯ ಬಡಿತವೂ ಇದೇ ನಿಯಮಕ್ಕೆ ಅಧೀನ.

ಆದರೆ ಭೂಮಿಯ ಮೇಲೆ ಈ ಅಂತರವು ಅತಿಸೂಕ್ಷ್ಮವಾದುದರಿಂದ, ಅದನ್ನು ಅಳೆಯಬಲ್ಲ ಉಪಾಯವು ದೊರೆಯುವಷ್ಟರಲ್ಲಿ ಅರ್ಧ ಶತಮಾನವೇ ಕಳೆಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಟ್ಟಡವೊಂದರ ಗೋಪುರದಲ್ಲಿ, ಕೇವಲ 22.5 ಮೀಟರ್ ಎತ್ತರದ ಅಂತರದಲ್ಲಿ, ಪೌಂಡ್ ಮತ್ತು ರೆಬ್ಕಾ ಎಂಬಿಬ್ಬರು ಈ ಕಾರ್ಯಕ್ಕೆ ಕೈಹಾಕಿದರು. ಕಬ್ಬಿಣದ ಒಂದು ಬಗೆಯ ಪರಮಾಣುವಿನಿಂದ ಹೊಮ್ಮುವ ಗಾಮಾ ಕಿರಣವನ್ನು, ಸ್ಪಂದನ ಕೊಂಚವೂ ಹೆಚ್ಚುಕಡಿಮೆಯಾಗದಿದ್ದರೆ ಮಾತ್ರ, ಅದೇ ಬಗೆಯ ಇನ್ನೊಂದು ಪರಮಾಣು ಹೀರಿಕೊಳ್ಳುತ್ತದೆ. ಮೇಲಿನಿಂದ ಇಳಿದುಬಂದ ಕಿರಣವು ಕೆಳಗಿನ ಮಂದಕಾಲಕ್ಕೆ ತುಸು ವೇಗವಾಗಿ ಮಿಡಿಯುವಂತೆ ತೋರುವುದರಿಂದ, ಅದು ಸಲೀಸಾಗಿ ಹೀರಲ್ಪಡದು. ಆದುದರಿಂದ ಅವರು ಕಿರಣದ ಮೂಲವನ್ನು ಧ್ವನಿವರ್ಧಕದ ಶಂಕುವಿನಲ್ಲಿ ಕೂರಿಸಿ ಮೆಲ್ಲಗೆ ಹಿಂದುಮುಂದಾಗಿ ಅಲುಗಿಸುತ್ತ, ಯಾವ ವೇಗದಲ್ಲಿ ಆ ವ್ಯತ್ಯಾಸವು ಸರಿಹೋಗುವುದೆಂದು ಲೆಕ್ಕಹಾಕಿದರು. ನಡುವಿನ ಗಾಳಿಯು ಕಿರಣಗಳನ್ನು ನುಂಗಿಬಿಡದಂತೆ ಹೀಲಿಯಂ ತುಂಬಿದ ಉದ್ದನೆಯ ಚೀಲವನ್ನು ಗೋಪುರದಲ್ಲಿ ಇಳಿಬಿಟ್ಟಿದ್ದರು. ದೊರೆತ ವ್ಯತ್ಯಾಸವು ಸಾವಿರ ಲಕ್ಷ ಕೋಟಿ ಸ್ಪಂದನಗಳಿಗೆ ಸುಮಾರು ಎರಡೂವರೆ! 1960ರಲ್ಲಿ ಪ್ರಕಟವಾದ ಈ ಫಲಿತಾಂಶವು ಐನ್‌ಸ್ಟೈನರ ಲೆಕ್ಕಕ್ಕೆ ಶೇಕಡಾ ಹತ್ತರ ಒಳಗೇ ಹೊಂದಿಕೊಂಡಿತು. 1976ರಲ್ಲಿ ರಾಕೆಟ್ಟಿನ ಮೂಲಕ ಗಡಿಯಾರವನ್ನು 10,000 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿ ನಡೆಸಿದ ಪರೀಕ್ಷೆ ಇದಕ್ಕಿಂತ ಎಷ್ಟೋ ನಿಖರವಾದುದು. 2022ರಲ್ಲಿಯಂತೂ ಒಂದೇ ಮಿಲಿಮೀಟರಿನ ಏರಿಳಿತದಲ್ಲಿಯೂ ಈ ಭೇದವನ್ನು ಗುರುತಿಸಿದರು. ಆದರೂ, ಕೆಲವು ಮಹಡಿಗಳ ಎತ್ತರದಲ್ಲಿ ಕಾಲದ ಗತಿಭೇದವನ್ನು ಹಿಡಿದು ತೋರಿಸಿದ ಆ ಗೋಪುರದ ಪ್ರಯೋಗವೇ ನನ್ನ ಮಟ್ಟಿಗೆ ಹೆಚ್ಚು ಪೂಜ್ಯವಾದುದು.

ಇಂದು ಇದು ನಿತ್ಯವ್ಯವಹಾರಕ್ಕೂ ಬೇಕಾದ ಜ್ಞಾನ. ಮೊಬೈಲಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಗುರುತ್ವವು ಅಲ್ಲಿ ಕ್ಷೀಣವಾದುದರಿಂದ ಅವುಗಳ ಗಡಿಯಾರಗಳು ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೋಡುತ್ತವೆ. ಉಪಗ್ರಹದ ವೇಗದ ದೆಸೆಯಿಂದ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತವೆ. ಉಳಿಯುವ 38 ಮೈಕ್ರೊಸೆಕೆಂಡಿನಲ್ಲಿ ಬೆಳಕು ಹನ್ನೊಂದು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿಬಿಡುತ್ತದೆ. ಆ ಕಾರಣದಿಂದ, ಕಕ್ಷೆಯಲ್ಲಿ 10.23 ಮೆಗಾಹರ್ಟ್ಸ್ ಎಂದು ನಮಗೆ ತೋರಬೇಕಾದ ಗಡಿಯಾರವನ್ನು ಉಡಾವಣೆಗೆ ಮುನ್ನ ನೆಲದ ಮೇಲೆಯೇ 10.22999999543 ಮೆಗಾಹರ್ಟ್ಸಿಗೆ ಹೊಂದಿಸಿ ಕಳುಹಿಸುತ್ತಾರೆ.