ಸಣ್ಣ ವಿಮಾನದ ವಿಹಾರಯಾತ್ರೆ

ನಮ್ಮ ಹಿರಿಯರು ಯಾತ್ರೆಗೆ ಹೊರಡುವ ಮುನ್ನ ಪಂಚಾಂಗವನ್ನು ತೆಗೆದು ನೋಡುತ್ತಿದ್ದರು. ವಾರಶೂಲೆಯಿದ್ದ ದಿಕ್ಕಿಗೆ ಆ ದಿನ ಪ್ರಯಾಣವಿಲ್ಲ. ಬುತ್ತಿ ಕಟ್ಟಿ, ಗಾಡಿ ಹೂಡಿ ಸಿದ್ಧವಾಗಿದ್ದರೂ, ನಾಳೆ ಹೊರಟರಾಯಿತೆಂದು ಎತ್ತುಗಳನ್ನು ಬಿಚ್ಚುತ್ತಿದ್ದರು. ರೈಲಿನ ವೇಳಾಪಟ್ಟಿ ಬಂದಮೇಲೆ ಈ ಅಭ್ಯಾಸವು ನಮ್ಮನ್ನು ಬಿಟ್ಟುಹೋಯಿತು. ವಾರಶೂಲೆಯಲ್ಲಿ ನಮಗೆ ನಂಬಿಕೆಯಿರಲಿ, ಇಲ್ಲದಿರಲಿ, ಹೂಡಿದ ಗಾಡಿಯನ್ನು ಬಿಚ್ಚಬಲ್ಲ ಆ ಮನೋಧರ್ಮವು ಇಂದಿಗೂ ಅತ್ಯವಶ್ಯವಾಗಿರುವ ಪ್ರಯಾಣವೊಂದುಂಟು. ಅದು ನಾಲ್ಕು ಜನರು ಕುಳಿತುಕೊಳ್ಳುವ ಸಣ್ಣ ವಿಮಾನದ ಪ್ರಯಾಣ. ಅದನ್ನು ಯೋಜಿಸುವ ಬಗೆ ಹೇಗೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನನಿಲ್ದಾಣಗಳು ಸುಮಾರು 5000 ಇವೆ. ಇವುಗಳಲ್ಲಿ ಬಹುಪಾಲು ನಿಲ್ದಾಣಗಳಿಗೆ ದೊಡ್ಡ ಕಂಪೆನಿಗಳ ವಿಮಾನಗಳು ಹೋಗುವುದೇ ಇಲ್ಲ. ವೈದ್ಯರು, ವಕೀಲರು, ಉಪಾಧ್ಯಾಯರು, ಬೇಸಾಯಗಾರರು ಸ್ವಂತದ್ದೋ ಬಾಡಿಗೆಯದೋ ಆದ ವಿಮಾನವನ್ನು ತಾವೇ ನಡೆಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಕೆಲವು ನಿಲ್ದಾಣಗಳಿಗೆ ಹೋಗುವುದು ಪ್ರಕೃತಿಸೌಂದರ್ಯಕ್ಕಾಗಿ. ಮತ್ತೆ ಕೆಲವಕ್ಕೆ ಹೋಗುವುದು ಅಲ್ಲಿನ ವಿಮಾನ ಸಂಗ್ರಹಾಲಯಗಳಿಗಾಗಿ. ನಾವು ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾ ಪ್ರಾಂತಗಳ ನಾಲ್ಕು ಸ್ಥಳಗಳನ್ನು ಆರಿಸಿಕೊಳ್ಳೋಣ: ಚೀನೋ, ಕ್ಯಾಟಲೀನಾ ದ್ವೀಪ, ಸೆಡೋನಾ, ಗ್ರ್ಯಾಂಡ್ ಕ್ಯಾನಿಯನ್. ಭೂಪಟವನ್ನು ಹರಡಿಕೊಂಡು, ಕುಳಿತಲ್ಲಿಯೇ ಈ ಯಾತ್ರೆಯನ್ನು ಮಾಡಿ ನೋಡೋಣ.

ಮೊದಲು ವಾಹನದ ವಿಚಾರ. ಸೆಸ್ನಾ 172 ಎಂಬ ವಿಮಾನವು 1955ರಲ್ಲಿ ಮೊದಲು ಹಾರಿತು. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾದ ವಿಮಾನ ಬೇರೊಂದಿಲ್ಲ. ರೆಕ್ಕೆಗಳು ತಲೆಯ ಮೇಲಿರುವುದರಿಂದ ಕೆಳಗಿನ ನೆಲವು ಮರೆಯಿಲ್ಲದೆ ಕಾಣುತ್ತದೆ. ವೇಗ ಗಂಟೆಗೆ ಸುಮಾರು 140 ಮೈಲಿ. ಪೀಠಗಳು ನಾಲ್ಕು. ಆದರೆ ನಾಲ್ಕು ಪೀಠಗಳಿವೆಯೆಂದು ನಾಲ್ವರನ್ನು ಆಹ್ವಾನಿಸುವವನು ಲೆಕ್ಕವನ್ನು ಮಾಡಿಲ್ಲವೆಂದು ತಿಳಿಯಬೇಕು. ಇದರ ಈಚಿನ ಮಾದರಿಯು ಒಟ್ಟು 2550 ಪೌಂಡು ಭಾರಕ್ಕಿಂತ ಹೆಚ್ಚಾಗಿ ನೆಲಬಿಡಕೂಡದು. ವಿಮಾನದ ತೂಕವೇ ಸುಮಾರು 1680 ಪೌಂಡು. ಉಳಿದದ್ದು 870. ಬಳಕೆಗೆ ಬರುವ ಪೆಟ್ರೋಲು 53 ಅಮೆರಿಕನ್ ಗ್ಯಾಲನ್ನು. ಗ್ಯಾಲನ್ನಿಗೆ 6 ಪೌಂಡಿನಂತೆ 318 ಪೌಂಡು. ಇನ್ನುಳಿದ ಸುಮಾರು 550 ಪೌಂಡಿನಲ್ಲಿ ಮೂವರು ದೃಢಕಾಯರು ಕುಳಿತರೆ, ಪೆಟ್ಟಿಗೆಯಿಡಲು ಸಹ ಅವಕಾಶವಿಲ್ಲ. ನಾಲ್ಕನೆಯ ಮಿತ್ರನು ಬರಬೇಕಾದರೆ ಪೆಟ್ರೋಲನ್ನು ಕಡಿಮೆಮಾಡಿ, ದಾರಿಯಲ್ಲಿ ಒಮ್ಮೆ ಇಳಿದು ತುಂಬಿಸಿಕೊಳ್ಳಬೇಕು. ಹಗಲು ಪ್ರಯಾಣದಲ್ಲಿ ಗುರಿ ಮುಟ್ಟಿದಮೇಲೂ ಅರ್ಧ ಗಂಟೆಯ ಹಾರಾಟಕ್ಕೆ ಸಾಲುವಷ್ಟು ಪೆಟ್ರೋಲು ಉಳಿಯುವಂತೆ ಹೊರಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅನುಭವಶಾಲಿಗಳು ಒಂದು ಗಂಟೆಯದನ್ನು ಇಟ್ಟುಕೊಳ್ಳುತ್ತಾರೆ.

ಇನ್ನು ಹೊರಡೋಣ. ಲಾಸ್ ಏಂಜಲಿಸ್ ನಗರದ ಪೂರ್ವಕ್ಕಿರುವ ಚೀನೋ ನಿಲ್ದಾಣದಲ್ಲಿ ‘ಪ್ಲೇನ್ಸ್ ಆಫ್ ಫೇಮ್’ ಎಂಬ ಸಂಗ್ರಹಾಲಯವಿದೆ. ಎಡ್ವರ್ಡ್ ಮೆಲೋನಿ ಎಂಬುವರು 1957ರಲ್ಲಿ ಇದನ್ನು ಬೇರೊಂದು ಊರಿನಲ್ಲಿ ಪ್ರಾರಂಭಿಸಿದರು. ಎರಡನೆಯ ಮಹಾಯುದ್ಧ ಮುಗಿದೊಡನೆ ಸಾವಿರಾರು ಯುದ್ಧವಿಮಾನಗಳು ಕರಗಿ ಲೋಹದ ಗಟ್ಟಿಗಳಾಗುತ್ತಿದ್ದಾಗ, ಅವುಗಳನ್ನು ಉಳಿಸಬೇಕೆಂದು ಹಂಬಲಿಸಿದ ಕೆಲವರಲ್ಲಿ ಅವರೊಬ್ಬರು. 1944ರಲ್ಲಿ ಸೈಪಾನ್ ದ್ವೀಪದಲ್ಲಿ ವಶಪಡಿಸಿಕೊಂಡ ಜಪಾನಿನ ‘ಜೀರೋ’ ವಿಮಾನವೊಂದು ತನ್ನ ಮೂಲ ಜಾತಿಯ ಇಂಜಿನಿನೊಡನೆ ಇಲ್ಲಿ ರಕ್ಷಿತವಾಗಿದೆ. ಇದನ್ನು ನೋಡಲು ಬೆಳಗಿನ ಹೊತ್ತನ್ನು ಮೀಸಲಿಡಬೇಕು. ಅದಕ್ಕೆ ಕಾರಣ ಸಂಗ್ರಹಾಲಯವಲ್ಲ, ಕಡಲು. ಮೇ ಜೂನ್ ತಿಂಗಳುಗಳಲ್ಲಿ ಆ ಕರಾವಳಿಯ ಮೇಲೆ ರಾತ್ರಿ ಕವಿದ ತಗ್ಗುಮೋಡವು ಅನೇಕ ದಿನ ಮಧ್ಯಾಹ್ನದ ಸಮೀಪದವರೆಗೆ ಕರಗುವುದಿಲ್ಲ. ಅಷ್ಟರವರೆಗೆ ಹಳೆಯ ವಿಮಾನಗಳನ್ನು ನೋಡುತ್ತಿರುವುದು ಒಳ್ಳೆಯದು.

ಮೋಡ ಹರಿದಮೇಲೆ ಕ್ಯಾಟಲೀನಾ. ಚೀನೋದಿಂದ ಸುಮಾರು 60 ಮೈಲಿ. ಅದರಲ್ಲಿ ಕಡೆಯ 20 ಮೈಲಿಗೂ ಹೆಚ್ಚು ಭಾಗ ಕಡಲು. ಈ ದ್ವೀಪದ ನಿಲ್ದಾಣಕ್ಕೆ ‘ಆಕಾಶದಲ್ಲಿನ ನಿಲ್ದಾಣ’ವೆಂದೇ ಹೆಸರು. ಎರಡು ಗುಡ್ಡಗಳ ನೆತ್ತಿಯನ್ನು ಕಡಿದು ನಡುವಣ ಕಣಿವೆಯನ್ನು ತುಂಬಿ, 1602 ಅಡಿ ಎತ್ತರದಲ್ಲಿ ಇದನ್ನು ಕಟ್ಟಿದರು. 1946ರಲ್ಲಿ ಇದು ಸಾರ್ವಜನಿಕರಿಗೆ ತೆರೆಯಿತು. ಸವೆದುಹೋಗಿದ್ದ ರನ್‌ವೇಯನ್ನು 2019ರಲ್ಲಿ ಅಮೆರಿಕಾದ ನೌಕಾದಳದವರು ಕಾಂಕ್ರೀಟಿನಿಂದ ಹೊಸದಾಗಿ ಮಾಡಿಕೊಟ್ಟರು. ಅದರ ಉದ್ದ 3000 ಅಡಿ. ಇಳಿಯುವ ಕಡೆಯ ತುದಿಯಿಂದ ಅದು ಮೇಲಕ್ಕೇರಿ ಆಮೇಲೆ ಸಮವಾಗುವುದರಿಂದ, ಮುಂದಿನ ತುದಿ ಕಣ್ಣಿಗೆ ಬೀಳುವುದಿಲ್ಲ. ರನ್‌ವೇ ಇಲ್ಲಿಗೇ ಮುಗಿಯಿತು, ಮುಂದೆ ಪ್ರಪಾತ, ಎಂಬ ಭ್ರಾಂತಿ ಹೊಸಬರಿಗೆ ಹುಟ್ಟುತ್ತದೆ. ಇದನ್ನು ಓದಿ ತಿಳಿದು ಬಂದವನು ಬೆದರುವುದಿಲ್ಲ. ಓದದೆ ಬಂದವನು ಗಾಬರಿಯಿಂದ ಬ್ರೇಕನ್ನು ಒತ್ತುತ್ತಾನೆ.

ಕಡಲನ್ನು ದಾಟುವುದಕ್ಕೂ ಒಂದು ಲೆಕ್ಕವುಂಟು. ಇಂಜಿನು ನಿಂತರೆ ಈ ವಿಮಾನವು ಕಲ್ಲಿನಂತೆ ಬೀಳುವುದಿಲ್ಲ; ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ತೇಲಿಹೋಗುತ್ತದೆ. 3000 ಅಡಿ ಎತ್ತರದಿಂದ ಐದು ಮೈಲಿ ಮಾತ್ರ ತೇಲಬಹುದು. ನಡುಗಡಲಿನಲ್ಲಿ ಅದು ಯಾವ ದಡಕ್ಕೂ ಸಾಲದು. 8000 ಅಡಿಗೇರಿದ್ದರೆ, ಗಾಳಿಯಿಲ್ಲದಾಗ, ಹದಿಮೂರು ಮೈಲಿಗೂ ಹೆಚ್ಚು; ನಡುವಿನಿಂದ ಎತ್ತಲಾದರೂ ದಡ ಸಿಕ್ಕುತ್ತದೆ. ಎತ್ತರಕ್ಕೇರಲು ತಗಲುವ ಕಾಲು ಗಂಟೆಯ ಪೆಟ್ರೋಲನ್ನು ಉಳಿಸುವುದು ಜಿಪುಣತನವೂ ಅಲ್ಲ, ಜಾಣತನವೂ ಅಲ್ಲ.

ಮರುದಿನ ಪೂರ್ವಕ್ಕೆ. ಮರುಭೂಮಿಯನ್ನು ದಾಟಿ ಸೆಡೋನಾಕ್ಕೆ ಚೀನೋದಿಂದ ಸುಮಾರು 340 ಮೈಲಿ, ಎರಡೂವರೆ ಗಂಟೆ. ಕೆಂಬಂಡೆಗಳ ನಡುವೆ ಮೇಜಿನಂತೆ ಚಪ್ಪಟೆಯಾದ ಒಂದು ಗುಡ್ಡ. ಅದರ ಮೇಲೆ 5132 ಅಡಿ ಉದ್ದದ ರನ್‌ವೇ. ಅಮೆರಿಕಾದ ವೈಮಾನಿಕರು ಇದನ್ನು ವಿನೋದವಾಗಿ ವಿಮಾನವಾಹಕ ಹಡಗಿಗೆ ಹೋಲಿಸುತ್ತಾರೆ. ಇದರ ಎತ್ತರ 4830 ಅಡಿ. ನಮ್ಮ ಚಾಮುಂಡಿಬೆಟ್ಟದ ನೆತ್ತಿಗಿಂತ ಸಾವಿರ ಅಡಿಗೂ ಹೆಚ್ಚು. ಇಲ್ಲಿ ನಾವು ಗಾಳಿಯ ಸಾಂದ್ರತೆಯೆಂಬ ವಿಷಯವನ್ನು ತಿಳಿಯಬೇಕಾಗಿದೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾದಂತೆಯೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಆಧಾರ ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಇಂಜಿನಿಗೆ ಉಸಿರು ಕಡಿಮೆ. ಸೆಡೋನಾದ ಎತ್ತರಕ್ಕೆ ಸಹಜವೆಂದು ಶಾಸ್ತ್ರಜ್ಞರು ಇಟ್ಟುಕೊಂಡಿರುವ ಉಷ್ಣತೆ ಸುಮಾರು 5 ಡಿಗ್ರಿ ಸೆಂಟಿಗ್ರೇಡ್. ಅದಕ್ಕಿಂತ ಹೆಚ್ಚಾದ ಒಂದೊಂದು ಡಿಗ್ರಿಗೂ ಸುಮಾರು 120 ಅಡಿಯನ್ನು ಎತ್ತರಕ್ಕೆ ಕೂಡಿಸಿಕೊಳ್ಳಬೇಕು. ಬೇಸಗೆಯ ಮಧ್ಯಾಹ್ನ 35 ಡಿಗ್ರಿಯಿದ್ದರೆ, 30 ಡಿಗ್ರಿಗೆ 3600 ಅಡಿ. ನಿಲ್ದಾಣವು ಕದಲದೆ ನಿಂತಿದ್ದರೂ, ವಿಮಾನದ ಪಾಲಿಗೆ ಅದು 8400 ಅಡಿ ಎತ್ತರಕ್ಕೆ ಹೋಗಿರುತ್ತದೆ. ಕಡಲಮಟ್ಟದಲ್ಲಿ ಸುಮಾರು 1000 ಅಡಿ ಓಡಿ ನೆಲಬಿಡುವ ವಿಮಾನವು ಇಲ್ಲಿ ಅದರ ಇಮ್ಮಡಿಯ ಸಮೀಪದಷ್ಟು ಓಡಬೇಕಾಗುತ್ತದೆ. ನೆಲಬಿಟ್ಟಮೇಲೂ ಮೆಲ್ಲಮೆಲ್ಲನೆ ಏರುತ್ತದೆ. ಆದುದರಿಂದ ಇಲ್ಲಿಂದ ಹೊರಡಬೇಕಾದದ್ದು ಸೂರ್ಯೋದಯದ ತಂಪಿನಲ್ಲಿ. ಜುಲೈಯಿಂದ ಸೆಪ್ಟೆಂಬರಿನವರೆಗೆ ಅರಿಜೋನಾಕ್ಕೂ ಒಂದು ಮಳೆಗಾಲವುಂಟು. ಅಪರಾಹ್ನದಲ್ಲಿ ಗುಡುಗುಮೋಡಗಳು ಏಳುತ್ತವೆ. ಕರಾವಳಿಯ ನಿಲ್ದಾಣ ನಡುಹಗಲನ್ನು ಬೇಡಿದರೆ, ಬೆಟ್ಟದ ನಿಲ್ದಾಣ ಮುಂಜಾವವನ್ನು ಬೇಡುತ್ತದೆ. ಹೀಗಾಗಿ ಎರಡನ್ನೂ ಒಂದೇ ದಿನಕ್ಕೆ ಸೇರಿಸಬಾರದು.

ಸೆಡೋನಾದಿಂದ ಉತ್ತರಕ್ಕೆ ಸುಮಾರು 80 ಮೈಲಿ ದೂರದಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ನಿಲ್ದಾಣ; ಎತ್ತರ 6609 ಅಡಿ. ಕೊಲೊರಾಡೋ ನದಿಯು ಒಂದು ಮೈಲಿಯ ಆಳಕ್ಕೆ ಕೊರೆದ ಆ ಮಹಾಕಮರಿಯನ್ನು ಮೇಲಿನಿಂದ ನೋಡುವುದೇ ಈ ಯಾತ್ರೆಯ ಫಲ. ಆದರೆ ಅಲ್ಲಿ ಮನಬಂದಂತೆ ಹಾರುವಂತಿಲ್ಲ. ಗೊತ್ತುಮಾಡಿದ ಕೆಲವು ಓಣಿಗಳಲ್ಲಿ ಮಾತ್ರ, ಉತ್ತರಕ್ಕೆ ಹೋಗುವವರು 11,500 ಇಲ್ಲವೆ 13,500 ಅಡಿಯಲ್ಲಿಯೂ, ದಕ್ಷಿಣಕ್ಕೆ ಬರುವವರು 10,500 ಇಲ್ಲವೆ 12,500 ಅಡಿಯಲ್ಲಿಯೂ ದಾಟಬೇಕು. ಈ ನಿಯಮದ ಹಿಂದೆ ಅನೇಕ ಪ್ರಾಣಗಳ ಬೆಲೆಯಿದೆ. 1956ರ ಜೂನ್ 30ರಂದು ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಈ ಕಮರಿಯ ಮೇಲೆ ಢಿಕ್ಕಿ ಹೊಡೆದು, ಎರಡರಲ್ಲಿದ್ದ 128 ಮಂದಿಯೂ ಸತ್ತರು. ಪ್ರಯಾಣಿಕರಿಗೆ ಕಮರಿಯ ದೃಶ್ಯವನ್ನು ಚೆನ್ನಾಗಿ ತೋರಿಸುವ ಪ್ರಯತ್ನವೂ ಕಾರಣಗಳಲ್ಲಿ ಒಂದಾಗಿರಬಹುದೆಂದು ವಿಚಾರಣೆ ಮಾಡಿದವರು ಸೂಚಿಸಿದರು. ಈ ಆಘಾತದ ಫಲವಾಗಿ 1958ರಲ್ಲಿ ಇಡೀ ದೇಶದ ವಾಯುಮಾರ್ಗಗಳಿಗೆ ಹೊಸ ಶಾಸನ ಬಂದಿತು. 1986ರಲ್ಲಿ ದೃಶ್ಯ ತೋರಿಸುತ್ತಿದ್ದ ಒಂದು ವಿಮಾನವೂ ಒಂದು ಹೆಲಿಕಾಪ್ಟರೂ ಅಲ್ಲಿಯೇ ಢಿಕ್ಕಿ ಹೊಡೆದು 25 ಮಂದಿ ಸತ್ತಮೇಲೆ, ಕಮರಿಯ ಮೇಲಣ ಹಾರಾಟಕ್ಕೆ ವಿಶೇಷ ನಿಯಮಗಳು ಬಂದವು.

ಈ ನಾಲ್ಕು ಸ್ಥಳಗಳನ್ನು ನೋಡಿದಮೇಲೆ ಒಂದು ಸತ್ಯವು ನಮಗೆ ಹೊಳೆಯದಿರದು. ನಿಲ್ದಾಣಕ್ಕೆ ಸೊಬಗನ್ನು ಕೊಡುವ ಎತ್ತರ, ಪ್ರಪಾತ, ಸುತ್ತಣ ಕಡಲು ಇವುಗಳೇ ಅದಕ್ಕೆ ಅಪಾಯವನ್ನೂ ಕೊಡುತ್ತವೆ. ಸೊಬಗನ್ನು ಇಟ್ಟುಕೊಂಡು ಅಪಾಯವನ್ನು ಮಾತ್ರ ತೆಗೆದುಹಾಕುವಂತಿಲ್ಲ. ನಮ್ಮ ವಶದಲ್ಲಿರುವುದು ಹೊತ್ತು, ಭಾರ, ದಾರಿ. ಇವುಗಳಿಗಿಂತ ಹೆಚ್ಚಾಗಿ, ಹೊರಡುವೆವೋ ಇಲ್ಲವೋ ಎಂಬ ನಿರ್ಧಾರ.

ಆ ನಿರ್ಧಾರವು ಕೈತಪ್ಪಿದರೆ ಆಗುವುದೇನೆಂಬುದಕ್ಕೆ ದುಃಖಕರವಾದ ನಿದರ್ಶನವೊಂದಿದೆ. 1996ರ ಏಪ್ರಿಲಿನಲ್ಲಿ ಏಳು ವರ್ಷದ ಬಾಲಿಕೆಯೊಬ್ಬಳು ತಂದೆಯೊಡನೆಯೂ ಶಿಕ್ಷಕನೊಡನೆಯೂ ಸಣ್ಣ ಸೆಸ್ನಾ ವಿಮಾನದಲ್ಲಿ ಅಮೆರಿಕಾವನ್ನು ಅಡ್ಡಲಾಗಿ ದಾಟಲು ಹೊರಟಳು. ಪತ್ರಿಕೆಗಳವರು ಊರೂರಿನಲ್ಲಿ ಕಾದಿದ್ದರು, ದಿನಗಳು ಗೊತ್ತಾಗಿದ್ದವು. ಎರಡನೆಯ ದಿನ ಬೆಳಿಗ್ಗೆ, 6000 ಅಡಿಗೂ ಎತ್ತರದಲ್ಲಿರುವ ಶಯಾನ್ ಊರಿನಿಂದ, ಗುಡುಗುಮಳೆ ಸಮೀಪಿಸುತ್ತಿದ್ದರೂ ಅವರು ಮೇಲೇರಿದರು. ಕೆಲವು ನಿಮಿಷಗಳಲ್ಲಿ ವಿಮಾನ ಬಿದ್ದು ಮೂವರೂ ಸತ್ತರು. ವಿಚಾರಣೆಯಿಂದ ತಿಳಿದುಬಂದದ್ದೇನು? ವಿಮಾನದ ಭಾರ ಮಿತಿಯನ್ನು ಮೀರಿತ್ತು, ಅಷ್ಟು ತೆಳುವಾದ ಗಾಳಿ ಶಿಕ್ಷಕನಿಗೆ ರೂಢಿಯಿರಲಿಲ್ಲ, ಹವೆ ಕೆಡುತ್ತಿದ್ದಿತು. ಇವುಗಳೊಂದಿಗೆ ವರದಿಯು ಇನ್ನೊಂದು ಕಾರಣವನ್ನು ಹೇಳಿತು: ಅತಿಯಾದ ಮಹತ್ವಾಕಾಂಕ್ಷೆಯ ಕಾರ್ಯಕ್ರಮವನ್ನು ತಪ್ಪದೆ ನಡೆಸಬೇಕೆಂಬ ಬಯಕೆ. ವೇಳಾಪಟ್ಟಿಯೂ ಒಂದು ಭಾರವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅದನ್ನು ಯಾವ ತಕ್ಕಡಿಯಲ್ಲಿಯೂ ತೂಗಲಾಗದು.

ಆದಕಾರಣ ನಾವು ಮಾಡುವ ಯೋಜನೆಯಲ್ಲಿ ನಾಲ್ಕು ದಿನದ ಹಾರಾಟಕ್ಕೆ ಆರು ದಿನಗಳಿರಲಿ. ಕಡೆಯ ದಿನದ ಮರುದಿನವೇ ಕಚೇರಿಗೆ ಹಾಜರಾಗುವೆವೆಂದು ಮಾತು ಕೊಡುವುದು ಬೇಡ. ಪ್ರತಿಯೊಂದು ನಿಲ್ದಾಣಕ್ಕೂ, ಇಳಿಯಲಾಗದಿದ್ದರೆ ಹೋಗಬಹುದಾದ ಬೇರೊಂದು ನಿಲ್ದಾಣವನ್ನು ಭೂಪಟದಲ್ಲಿ ಗುರುತಿಸಿರಬೇಕು. ಎಷ್ಟು ಗಾಳಿ, ಎಷ್ಟು ಮೋಡವಿದ್ದರೆ ಹೊರಡುವುದಿಲ್ಲವೆಂಬುದನ್ನು ಮನೆಯಲ್ಲಿ, ನೆಮ್ಮದಿಯಾಗಿರುವಾಗಲೇ ಬರೆದಿಡಬೇಕು. ಇಂಜಿನು ಚಾಲೂ ಆದಮೇಲೆ ಮನಸ್ಸು ನ್ಯಾಯಾಧೀಶನಾಗಿರುವುದಿಲ್ಲ, ವಕೀಲನಾಗುತ್ತದೆ. ಜೊತೆಯಲ್ಲಿ ಬರುವವರಿಗೂ ಮೊದಲೇ ತಿಳಿಸಿರಬೇಕು: ಒಂದು ದಿನ ಯಾವುದೋ ಮರುಭೂಮಿಯ ಊರಿನಲ್ಲಿ ಕಾಫಿ ಕುಡಿಯುತ್ತ ಕುಳಿತಿರಬೇಕಾಗಿ ಬಂದೀತು, ಗ್ರ್ಯಾಂಡ್ ಕ್ಯಾನಿಯನ್ನನ್ನು ನೋಡದೆಯೇ ಹಿಂದಿರುಗಬೇಕಾಗಿಯೂ ಬಂದೀತು.

ಹಾಗೆ ಹಿಂದಿರುಗಿದವನ ಯಾತ್ರೆಯು ಕೆಟ್ಟಿತೆಂದು ನಾವು ಭಾವಿಸಬೇಕಾಗಿಲ್ಲ. ಆ ಕಮರಿಯು ಲಕ್ಷಾಂತರ ವರ್ಷಗಳಿಂದ ಅಲ್ಲಿಯೇ ಇದೆ; ಬರುವ ವರ್ಷವೂ ಇರುತ್ತದೆ. ಎತ್ತುಗಳನ್ನು ಬಿಚ್ಚಿ ಕಟ್ಟಿದ ನಮ್ಮ ಅಜ್ಜಂದಿರು ಮರುದಿನ ಹೊರಟು ಕ್ಷೇತ್ರವನ್ನು ಸೇರಿದರು, ದರ್ಶನವನ್ನೂ ಪಡೆದರು.